ದೊಡ್ಡಪ್ಪನ ನಾಲ್ಕು ಗಂಟೆ

ಪ್ರಪಂಚಕ್ಕೆಲ್ಲ ಬೆಳಗಾಗುವ ಇಪ್ಪತ್ತೈದು ನಿಮಿಷ ಮೊದಲೇ ನಮ್ಮ ದೊಡ್ಡಪ್ಪನಿಗೆ ಬೆಳಗಾಗುತ್ತಿತ್ತು! ಸೂರ್ಯನ ತಪ್ಪೇನೂ ಇಲ್ಲ. ಎಲ್ಲ ಅವರ ಕೈಗಡಿಯಾರದ ಕೆಲಸ.

ನಾವು ಯಾರೂ ಎಲ್ಲಿಗೂ ತಡವಾಗಿ ಹೋಗಬಾರದೆಂದು ಅವರು ಅದನ್ನು ಇಪ್ಪತ್ತೈದು ನಿಮಿಷ ಮುಂದಿಟ್ಟಿದ್ದರು. ಹಾಗೆ ಇಟ್ಟಿರುವುದು ಯಾರಿಗೂ ಗೊತ್ತಿಲ್ಲ ಎಂಬುದು ಅವರ ನಂಬಿಕೆ. ಗೊತ್ತಿದೆ ಎಂದು ಅವರಿಗೆ ಹೇಳಕೂಡದು ಎಂಬುದು ಮನೆಯವರ ಒಪ್ಪಂದ. ಅವರು ಗಂಟೆ ಹೇಳಿದರೆ ನಾವು ಮನಸ್ಸಿನಲ್ಲೇ ಇಪ್ಪತ್ತೈದು ಕಳೆಯುತ್ತಿದ್ದೆವು. ನನ್ನ ಕಳೆಯುವ ಲೆಕ್ಕ ತಪ್ಪದೇ ಇರುವುದಕ್ಕೆ ಶಾಲೆಯಲ್ಲ, ದೊಡ್ಡಪ್ಪ ಕಾರಣ! ಆರ್.ಟಿ. ನಗರದ ನಮ್ಮ ಎದುರುಮನೆಯ ರಹೀಮಾ ಆಂಟಿಯೂ ನನ್ನನ್ನು ಗೇಟಿನ ಹತ್ತಿರ ಕರೆದು ಪಿಸುಗುಡುತ್ತಿದ್ದರು: “ಟೈಮ್ ಎಷ್ಟಮ್ಮಾ? ದೊಡ್ಡಪ್ಪಾರ ಟೈಮ್ ಬ್ಯಾಡ, ಅಸಲಿ ಟೈಮ್ ಹೇಳು!”

ನನ್ನ ಡೈರಿಯ ಪ್ರಕಾರ ಎರಡು ವರ್ಷದಲ್ಲಿ ನಾವು ಯಶವಂತಪುರದಿಂದ ರೈಲು ಹತ್ತಿದ್ದು ಹನ್ನೊಂದು ಸಲ. ತಪ್ಪಿದ ರೈಲು ಸೊನ್ನೆ. ಒಮ್ಮೆ ತುಮಕೂರಿನ ಮದುವೆಗೆ ಎಷ್ಟು ಬೇಗ ಹೋದೆವೆಂದರೆ, ಹೆಣ್ಣಿನ ಕಡೆಯವರು ನಮ್ಮನ್ನು ಚಪ್ಪರದವರೆಂದು ತಿಳಿದು ದೊಡ್ಡಪ್ಪನ ಕೈಗೆ ಮಾವಿನೆಲೆ ಕೊಟ್ಟರು. ಅವರು ಎರಡು ಬಾಗಿಲಿಗೆ ತೋರಣ ಕಟ್ಟಿಯೇ ಕಾಫಿ ಕುಡಿದದ್ದು!

ಎಂಬತ್ತೊಂದರಲ್ಲಿ ಒಂದು ತಿಂಗಳ ಎರಡನೇ ಶನಿವಾರ ನಾವೆಲ್ಲ ಮಂಗಳೂರಿನ ಹತ್ತಿರದ ಸೋಮೇಶ್ವರದ ಸಮುದ್ರಕ್ಕೆ ಹೋದೆವು. ನೀರು ಇಳಿದಿತ್ತು. ಬಂಡೆಗಳ ನಡುವಿನ ಹೊಂಡಗಳಲ್ಲಿ ಏನೇನು ಜೀವಗಳು! ಅಪ್ಪ, ದೊಡ್ಡಮ್ಮ ದೂರದ ಗಾಳಿಮರದ ನೆರಳಲ್ಲಿ ಮಲಗಿದರು. ಅಮ್ಮ, ನಾನು, ಆರು ವರ್ಷದ ತಂಗಿ ಗೌರಿ ಕೊನೆಯ ಬಂಡೆಯವರೆಗೂ ಹೋದೆವು. ಬಲೆ ಸರಿಮಾಡುತ್ತಿದ್ದ ಮೀನುಗಾರರೊಬ್ಬರು ಹೋಗುವಾಗಲೇ ಎಚ್ಚರಿಸಿದ್ದರು: “ನಾಲ್ಕು ಗಂಟೆಗೆಲ್ಲ ನೀರು ಈ ಕಲ್ಲುಗಳ ಮೇಲೆ ಏರ್ತದೆ. ಅಷ್ಟರೊಳಗೆ ಈಚೆ ಬನ್ನಿ ಮಾರಾಯ್ರೆ.”

ಹೆಬ್ಬಾಳದ ಕೆರೆಯಲ್ಲೂ ಪಾದ ಮುಳುಗುವಷ್ಟು ನೀರಿಗೆ ಇಳಿಯದ ದೊಡ್ಡಪ್ಪ ಮರಳಿನ ಮೇಲೆ ಗಡಿಯಾರ ನೋಡುತ್ತಾ ನಿಂತರು.

ನನ್ನ ಪಟ್ಟಿಯಲ್ಲಿ ಏಡಿ ಹದಿನಾಲ್ಕು, ನಕ್ಷತ್ರ ಮೀನು ಎರಡು ಆಗಿತ್ತು. ಆಗ ಕೂಗು ಕೇಳಿಸಿತು.

“ನಾಲ್ಕಾಯ್ತು! ಬನ್ರೇ ಈಚೆಗೆ!”

ಅಮ್ಮ ನಕ್ಕರು. “ಇನ್ನೂ ಮೂರೂ ಮೂವತ್ತೈದು ಕಣೇ. ಅದು ನಿಮ್ಮ ದೊಡ್ಡಪ್ಪನ ನಾಲ್ಕು.” ನಾನು ಡೈರಿಯಲ್ಲಿ ಬರೆದೆ: ೩.೩೫, ಮೊದಲ ಕೂಗು.

“ನಾಲ್ಕೂ ಹತ್ತು! ಕೇಳಿಸ್ತಿದ್ಯಾ? ಬನ್ರೇ!”

“ಇನ್ನೂ ಟೈಮಿದೆ ಭಾವ!” ಅಮ್ಮ ಕೈಬೀಸಿದರು.

ನಾನು ಹದಿನೈದನೆಯ ಏಡಿಗೆ ಬಗ್ಗಿದೆ. ಹೊಂಡವೇ ಇರಲಿಲ್ಲ! ತಿರುಗಿ ನೋಡಿದರೆ ನಾವು ಒಣಗಾಲಲ್ಲಿ ದಾಟಿಬಂದ ಕಲ್ಲುಗಳೂ ಇರಲಿಲ್ಲ. ಅಲೆಯೊಂದು ಬಂಡೆಯ ಮೇಲೇರಿ ಗೌರಿಯ ಚಪ್ಪಲಿ ಒಯ್ದಿತು. ಅಮ್ಮ ಅವಳನ್ನು ಎತ್ತಿಕೊಂಡರು. ಮುಂದಿನ ಅಲೆ ಅಮ್ಮನ ಮೊಣಕಾಲು ಮುಟ್ಟಿತು. ಅವರ ಮುಖದಲ್ಲಿ ನಗು ಇರಲಿಲ್ಲ.

ಮರಳಿನ ಮೇಲೆ ದೊಡ್ಡಪ್ಪನೂ ಇರಲಿಲ್ಲ. ಪಂಚೆ ಎತ್ತಿ ಕಟ್ಟಿ ನೀರಿಗೆ ಇಳಿದುಬಿಟ್ಟಿದ್ದರು! ಈಜು ಬಾರದ ಮನುಷ್ಯ. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಒಂದು ಅಲೆಗೆ ತಲೆಯೂ ಮುಳುಗಿತು. ನಾನು ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು. ಐದಕ್ಕೆ ತಲೆ ಮೇಲೆ ಬಂತು, ನಮ್ಮ ಬಂಡೆಯ ಪಕ್ಕದಲ್ಲೇ.

“ಗೌರೀನ ನನ್ನ ಹೆಗಲಿಗೆ ಕೂರ್ಸು. ನೀನು ಈ ತೋಳು ಹಿಡ್ಕೊಳಮ್ಮಾ. ಪುಟ್ಟೀ, ನನ್ನ ಮಣಿಕಟ್ಟು ಬಿಡ್ಬೇಡ.”

ನಾನು ಹಿಡಿದದ್ದು ಗಡಿಯಾರದ ಕೈ. ಅದು ಅವರ ಜೊತೆಗೂ, ನನ್ನ ಜೊತೆಗೂ ಎಷ್ಟು ಸಲ ಮುಳುಗಿತೋ ಲೆಕ್ಕವಿಲ್ಲ. ಅಷ್ಟರಲ್ಲಿ ಮೀನುಗಾರರು ಹಗ್ಗ ಎಸೆದರು. ದಡ ಸೇರಿದವರು ನಾಲ್ಕು ಜನ. ಎರಡು ಸಲ ಎಣಿಸಿದೆ.

ಅಮ್ಮ ಸೆರಗು ಹಿಂಡಿದರು. “ನಿಮ್ಮ ನಾಲ್ಕು ಅಂದ್ರೆ ಮೂರೂ ಮೂವತ್ತೈದು ಅಂತ ನಾವು…” ಎಂದವರು ತಟ್ಟನೆ ಬಾಯಿ ಮುಚ್ಚಿಕೊಂಡರು.

ದೊಡ್ಡಪ್ಪ ನಿಧಾನವಾಗಿ ತಿರುಗಿದರು. “ನಿಮಗೆ ಗೊತ್ತಿತ್ತಾ?”

“ಎಲ್ಲಾರ್ಗೂ ಗೊತ್ತು ದೊಡ್ಡಪ್ಪ,” ಎಂದಳು ಗೌರಿ, ಅವರ ಹೆಗಲಿನಿಂದ ಇನ್ನೂ ಇಳಿಯದೆ. “ರಹೀಮಾ ಆಂಟಿಗೂ ಗೊತ್ತು!”

ಅವರು ನಗಲಿಲ್ಲ, ಬೈಯಲೂ ಇಲ್ಲ. “ಇವತ್ತೊಂದಿನ ಸರಿಯಾಗಿ ಇಟ್ಟಿದ್ದೆ ಕಣಮ್ಮಾ. ಬೆಳಿಗ್ಗೆ ರೇಡಿಯೋ ಕೇಳಿ ತಿರುಗಿಸ್ದೆ. ಸಮುದ್ರದ ವಿಷಯ ನೋಡು, ಸುಳ್ಳು ಟೈಮ್ ಇಟ್ಕೊಂಡು ಮಕ್ಕಳನ್ನ ಹೇಗೆ ಕಾಯೋದು?”

ಗಡಿಯಾರ ನಾಲ್ಕೂ ಹದಿನೆಂಟಕ್ಕೆ ನಿಂತಿತ್ತು. ಊರಿಗೆ ಬಂದಮೇಲೆ ರಿಪೇರಿಯವನು ಉಪ್ಪುನೀರು ಹೊಕ್ಕಿದೆ ಎಂದು ಕೈಚೆಲ್ಲಿದ. ದೊಡ್ಡಪ್ಪ ಬೇರೆ ಕೊಳ್ಳಲಿಲ್ಲ. “ಯಾರು ನಂಬ್ತಾರೆ ಬಿಡು,” ಎಂದರು. ಅದರ ನಂತರ ನಾವು ಮೂರು ರೈಲು ತಪ್ಪಿಸಿಕೊಂಡೆವು.

ಹೋದ ತಿಂಗಳು ಯಶವಂತಪುರ ಸ್ಟೇಷನ್ನಿನಲ್ಲಿ ನಾವಿಬ್ಬರೇ ಆರು ಗಂಟೆಯ ರೈಲಿಗೆ ಕಾಯುತ್ತಿದ್ದೆವು. ಅವರು ಬರಿಯ ಮಣಿಕಟ್ಟನ್ನೊಮ್ಮೆ ನೋಡಿಕೊಂಡು, ಹೊಸ ಗಡಿಯಾರ ಕಟ್ಟಿದ್ದ ನನ್ನ ಕಡೆ ತಿರುಗಿದರು.

“ಪುಟ್ಟೀ, ಟೈಮೆಷ್ಟು?”

ಮುಳ್ಳು ಐದೂ ಐದರ ಮೇಲಿತ್ತು. ಡೈರಿಯಲ್ಲಿ ಅಲ್ಲಿಯವರೆಗೂ ನಾನು ಗೊತ್ತಿದ್ದೂ ಒಂದೂ ಸುಳ್ಳು ಅಂಕಿ ಬರೆದವಳಲ್ಲ.

“ಐದೂವರೆ, ದೊಡ್ಡಪ್ಪ.”

“ನೋಡ್ದಾ! ಏಳು ಏಳು, ಬ್ಯಾಗ್ ತಗೋ!” ಎಂದು ಅವರು ದಡಬಡನೆ ಎದ್ದರು. ಎಷ್ಟೋ ದಿನಗಳ ಮೇಲೆ ಅವರ ಮುಖ ಅಷ್ಟು ಅರಳಿದ್ದು ಕಂಡೆ.

ಆ ದಿನದ ಪುಟದಲ್ಲಿ ಐದೂವರೆ ಎಂದೇ ಬರೆದಿದ್ದೇನೆ.