ರಾಗಿಗುಡ್ಡ ಸರಿಸಲು ಹೊರಟ ಸಂಡೇ ಸ್ಕೂಲು

ಮೂರೇ ಮೂರು ಭಾನುವಾರ, ವಾರಕ್ಕೆ ಒಂದು ಗಂಟೆ, ಹತ್ತೊಂಬತ್ತು ಮಕ್ಕಳು. ಇದರಲ್ಲಿ ಕಷ್ಟವೇನಿದೆ? ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಶಿಫ್ಟ್ ಸೂಪರ್‌ವೈಸರ್ ಆಗಿ, ಮೂವತ್ತು ಜನ ಗಂಡಸರನ್ನೂ ರೈಲಿನಷ್ಟು ಉದ್ದದ ಒಂದು ಯಂತ್ರವನ್ನೂ ಹದ್ದುಬಸ್ತಿನಲ್ಲಿ ಇಟ್ಟವನು ನಾನು. ನನಗೆ ಸಂಡೇ ಸ್ಕೂಲ್ ಒಂದು ಲೆಕ್ಕವೇ? ಹೀಗೆಂದು ನಾನು ಬಹಿರಂಗವಾಗಿಯೇ ಘೋಷಿಸಿದೆ. ಆಗ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ನನ್ನ ಹೆಂಡತಿ ಸುಗುಣಾ ನೋವಿನಲ್ಲೂ ನಕ್ಕಳು. ಆ ನಗುವಿನ ಅರ್ಥವನ್ನು ಆಗಲೇ ವಿಚಾರಿಸಬೇಕಿತ್ತು.

ಕಾಗದನಗರದ ನಮ್ಮ ಚರ್ಚಿನ ಸಂಡೇ ಸ್ಕೂಲನ್ನು ಕಟ್ಟಿದವಳೇ ಸುಗುಣಾ. ನಾವು ಮದುವೆಯಾಗಿ ಕ್ವಾರ್ಟರ್ಸಿಗೆ ಬಂದ ಹೊಸದರಲ್ಲಿ ಮನೆಯ ಜಗಲಿಯ ಮೇಲೆ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಶುರು ಮಾಡಿದಳು. ಆ ನಾಲ್ವರ ಮಕ್ಕಳೂ ಈಗ ಅವಳ ಕ್ಲಾಸಿನಲ್ಲೇ ಇದ್ದಾರೆ. ಅವಳ ಆಸ್ತಿಯೆಂದರೆ ಒಂದು ನೀಲಿ ಫ್ಲಾನೆಲ್ ಬಟ್ಟೆ, ಅದಕ್ಕೆ ಅಂಟಿಸುವ ಕಾಗದದ ಮೋಶೆ, ದಾವೀದ, ಒಂಟೆ, ಮೀನುಗಳು, ಮತ್ತು ಬಹುಮಾನವಾಗಿ ಕೊಡಲು ಹಳೆಯ ಕ್ರಿಸ್‌ಮಸ್ ಕಾರ್ಡುಗಳನ್ನು ಕತ್ತರಿಸಿ ಮಾಡಿದ ಚಿತ್ರಗಳು. ಯಾವ ಮಗುವಿಗೆ ಹಲ್ಲು ಬಿತ್ತು, ಯಾವ ಮಗುವಿನ ಅಪ್ಪ ಕುಡಿದು ಬಂದ, ಯಾರಿಗೆ ಕತ್ತಲೆ ಎಂದರೆ ಭಯ, ಎಲ್ಲವೂ ಅವಳಿಗೆ ಗೊತ್ತು. ಆ ಫ್ಲಾನೆಲ್ ಬಟ್ಟೆಯನ್ನು ಬೀರುವಿನ ಮೇಲಿಂದ ತೆಗೆಯಲು ಹೋಗಿಯೇ ಸ್ಟೂಲಿನಿಂದ ಬಿದ್ದಳು.

ನಾನೋ? ಕ್ರಿಸ್‌ಮಸ್ ಮತ್ತು ಈಸ್ಟರ್ ಬಿಟ್ಟರೆ ಚರ್ಚಿನ ಕಡೆ ತಲೆ ಹಾಕಿದವನಲ್ಲ. ಭಾನುವಾರ ಬೆಳಿಗ್ಗೆ ಮಂಚ ಕಾಯುವುದು ನನ್ನ ಕರ್ತವ್ಯವಾಗಿತ್ತು. ಪ್ರತಿ ಶನಿವಾರ ಸಂಜೆ ಸುಗುಣಾ ನನ್ನ ಒಂದು ಬಿಳಿ ಅಂಗಿಗೆ ಇಸ್ತ್ರಿ ಮಾಡಿ ಕುರ್ಚಿಯ ಬೆನ್ನಿಗೆ ಹಾಕುತ್ತಿದ್ದಳು. ಭಾನುವಾರ ಮಧ್ಯಾಹ್ನ ಅದನ್ನು ಹಾಗೆಯೇ ಮಡಚಿ ಒಳಗಿಡುತ್ತಿದ್ದಳು. ಒಂದು ಮಾತೂ ಆಡುತ್ತಿರಲಿಲ್ಲ. ಅಂಗಿಯೂ ಆಡುತ್ತಿರಲಿಲ್ಲ.

ಶಿವಮೊಗ್ಗದಿಂದ ಅವಳ ತಂಗಿ ಬಂದು, "ಭಾವ ಇರೋ ಮನೇಲಿ ಅಕ್ಕನಿಗೆ ರೆಸ್ಟ್ ಸಿಗಲ್ಲ," ಎಂದು ತೀರ್ಪು ಕೊಟ್ಟು ಅವಳನ್ನು ಕಾರಿನಲ್ಲಿ ಕೂರಿಸಿಕೊಂಡಳು. ಸುಗುಣಾ ಕಿಟಕಿಯಿಂದ ನನ್ನ ಕೈ ಹಿಡಿದಳು.

"ರೀ, ನನ್ನ ಮಕ್ಕಳನ್ನ ನಿಮ್ಮ ಕೈಗೆ ಕೊಟ್ಟು ಹೋಗ್ತಿದೀನಿ. ಕಥೆ ಹೇಳಿ, ಹಾಡ್ಸಿ, ಪ್ರಾರ್ಥನೆ ಮಾಡ್ಸಿ, ಮನೆಗೆ ಕಳ್ಸಿ. ಅಷ್ಟೇ. ಹೊಸದೇನೂ ಮಾಡೋಕೆ ಹೋಗ್ಬೇಡಿ."

ಈ ಕೊನೆಯ ವಾಕ್ಯವನ್ನು ನಾನು ಕಡತದಲ್ಲಿ ದಾಖಲಿಸಿಕೊಳ್ಳಲಿಲ್ಲ.

ಮೊದಲನೆಯ ಭಾನುವಾರ. ಪಾಠ: ಸಾಸಿವೆ ಕಾಳಿನಷ್ಟು ನಂಬಿಕೆ ಇದ್ದರೆ ಬೆಟ್ಟವೂ ಜಾಗ ಬಿಟ್ಟು ಹೋಗುತ್ತದೆ ಎಂಬುದು. ಅಡುಗೆಮನೆಯಿಂದ ಸಾಸಿವೆ ಪೊಟ್ಟಣ ಕಟ್ಟಿಕೊಂಡು ಹೋಗಿದ್ದೆ. ಪೂರ್ವಸಿದ್ಧತೆ ಎಂದರೆ ಇದು! ಒಬ್ಬೊಬ್ಬರ ಅಂಗೈಗೆ ಒಂದೊಂದು ಕಾಳು ವಿತರಿಸಿ, ಗಂಭೀರವಾಗಿ ಗಂಟಲು ಸರಿಪಡಿಸಿಕೊಳ್ಳುವಾಗ ಒಂದು ಸೀನು ಬಂತು. ಸಣ್ಣದಲ್ಲ. ಮುಂದಿನ ಎರಡು ಸಾಲಿನ ನಂಬಿಕೆಯೆಲ್ಲ ಹಾರಿಹೋಯಿತು. ಮಕ್ಕಳು ಬೆಂಚಿನ ಕೆಳಗೆ ತೆವಳಿಕೊಂಡು ಹುಡುಕತೊಡಗಿದರು. ಆರು ವರ್ಷದ ಸಂತು ಮಾತ್ರ ತನ್ನದನ್ನು ಮೊದಲೇ ತಿಂದು ಮುಗಿಸಿದ್ದ.

ಎಲ್ಲ ಶಾಂತವಾದ ಮೇಲೆ ಎಸ್ತರ್ ಎದ್ದು ನಿಂತಳು. ಹತ್ತು ವರ್ಷ, ಎರಡು ಜಡೆ, ಸುಳ್ಳು ಹೇಳಿದರೆ ಸಿಕ್ಕಿಬೀಳುವೆವೆಂದು ಹಿರಿಯರಿಗೂ ಅನ್ನಿಸುವಂಥ ಕಣ್ಣು.

"ಅಂಕಲ್, ನಿಜವಾಗ್ಲೂ ಗುಡ್ಡ ಹೋಗುತ್ತಾ?"

"ಹೋಗದೆ ಏನು!"

"ಯಾವ ಗುಡ್ಡ ಬೇಕಾದ್ರೂ?"

"ಯಾವುದು ಬೇಕಾದ್ರೂ."

"ಹಾಗಾದ್ರೆ ಒಂದನ್ನ ಮಾಡೇ ಬಿಡೋಣ."

ಹತ್ತೊಂಬತ್ತೂ ಮಕ್ಕಳು ಕಿಟಕಿಗೆ ಓಡಿದರು. ದೂರದಲ್ಲಿ ಗುಡ್ಡದ ಸಾಲೇ ಕಾಣುತ್ತಿತ್ತು. ಈಗ ನನ್ನ ಸೂಪರ್‌ವೈಸರ್ ಬುದ್ಧಿ ಚುರುಕಾಯಿತು. ಕಣ್ಣೆದುರಿನ ಗುಡ್ಡ ಒಪ್ಪಿಕೊಂಡರೆ ಮುಂದಿನ ವಾರವೇ ತಪಾಸಣೆ! ಯಾರೂ ಹೋಗಿ ನೋಡಲಾಗದ ಗುಡ್ಡ ಬೇಕು.

"ಇವೆಲ್ಲ ಬೇಡ. ಶಿವಮೊಗ್ಗದ ರಾಗಿಗುಡ್ಡ ಇಟ್ಕೊಳ್ಳೋಣ," ಎಂದೆ. ಹೇಳಿದ ತಕ್ಷಣ ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಗುಡ್ಡವನ್ನು ಎಲ್ಲಿಗೆ ತರುವುದು ಎಂಬುದರ ಮೇಲೆ ದೀರ್ಘ ಚರ್ಚೆ ನಡೆಯಿತು. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಜಾಗ ಇಕ್ಕಟ್ಟು ಎಂಬ ಅಭಿಪ್ರಾಯ ಬಂತು. ಕೊನೆಗೆ ಕ್ವಾರ್ಟರ್ಸಿನ ಹಿಂದಿನ ಮೈದಾನಕ್ಕೆ ತಂದರೆ ಜಾರಿ ಆಡಲು ಅನುಕೂಲವೆಂದು ತೀರ್ಮಾನವಾಯಿತು. ಸಂತು ಒಬ್ಬನೇ ಕೈ ಎತ್ತಿದ.

"ಅಂಕಲ್, ನಮ್ಮಜ್ಜಿ ಮನೆ ಅಲ್ಲೇ ಇರೋದು. ಗುಡ್ಡದ ಬುಡದಲ್ಲಿ."

ಒಂದು ಮತದ ವಿರೋಧವನ್ನು ದಾಖಲಿಸಿಕೊಂಡು ನಿರ್ಣಯವನ್ನು ಅಂಗೀಕರಿಸಲಾಯಿತು.

ಅಲ್ಲಿಗೇ ಬಿಟ್ಟಿದ್ದರೆ ಮಕ್ಕಳು ಮಂಗಳವಾರದೊಳಗೆ ಮರೆಯುತ್ತಿದ್ದರು. ಆದರೆ ನಾನು ಕೆಲಸ ಅರ್ಧಕ್ಕೆ ಬಿಡುವವನಲ್ಲ! ಗುಡ್ಡದಂಥ ಕೆಲಸ ನಿರಂತರವಾಗಿ ನಡೆಯಬೇಕೆಂದು ವಿವರಿಸಿ, ಒಂದು ದೊಡ್ಡ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಚಾರ್ಟ್ ಬರೆದೆ. ಶಾಲೆಗೆ ಮೊದಲು ಫಸ್ಟ್ ಶಿಫ್ಟ್, ಶಾಲೆಯ ನಂತರ ಸೆಕೆಂಡ್ ಶಿಫ್ಟ್, ಸ್ಥಳ ಚರ್ಚಿನ ಮುಂದಿನ ಸಂಪಿಗೆ ಮರದ ಕೆಳಗೆ. ಒಬ್ಬೊಬ್ಬರಿಗೆ ಐದೈದು ನಿಮಿಷ. ಕಾರ್ಖಾನೆಯ ಸೈರನ್ ಕೇಳಿಯೇ ಹಲ್ಲುಜ್ಜುವ ನಮ್ಮೂರ ಮಕ್ಕಳಿಗೆ ಇದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ. ನೈಟ್ ಶಿಫ್ಟ್ ಮಾತ್ರ ತಾಯಂದಿರ ತೀವ್ರ ವಿರೋಧದಿಂದ ರದ್ದಾಯಿತು. ಚಾರ್ಟಿನ ಕೆಳಗೆ ಕಾರ್ಖಾನೆಯ ಮೂಲನಿಯಮವನ್ನೂ ಬರೆದೆ: ರಿಲೀವರ್, ಅಂದರೆ ಮುಂದಿನ ಪಾಳಿಯವನು, ಬರುವವರೆಗೆ ಯಾರೂ ಜಾಗ ಬಿಟ್ಟು ಏಳಕೂಡದು!

ಬುಧವಾರ ಎಸ್‌ಟಿಡಿ ಬೂತಿನಿಂದ ಸುಗುಣಾಗೆ ಫೋನ್ ಮಾಡಿದೆ.

"ಮಕ್ಕಳು ಹೇಗಿದಾರ್ರೀ?"

"ಪ್ರಾರ್ಥನೆ ಮಾಡ್ತಿದಾರೆ."

"ಅಯ್ಯೋ, ಎರಡು ನಿಮಿಷ ಕಣ್ಣು ಮುಚ್ಚಲ್ಲ ಅವು! ಎಷ್ಟು ಹೊತ್ತು ಮಾಡಿದ್ವು?"

"ದಿನಕ್ಕೆ ಎರಡು ಶಿಫ್ಟ್."

"ರೀ... ಏನ್ ಮಾಡಿದೀರಿ?"

"ಲೈನ್ ಸರಿಯಿಲ್ಲ ಮಾರಾಯ್ತಿ, ಆಮೇಲೆ ಮಾತಾಡ್ತೀನಿ," ಎಂದು ಇಟ್ಟೆ. ಲೈನ್ ಚೆನ್ನಾಗಿಯೇ ಇತ್ತು.

ಗುರುವಾರ ಸಂಜೆ ಎಸ್ತರಳ ತಾಯಿ ಬಾಗಿಲಿಗೆ ಬಂದಳು. ಆಕೆಯೂ ಒಂದು ಕಾಲದಲ್ಲಿ ಸುಗುಣಾಳ ಜಗಲಿಯ ಮೇಲೆ ಕೂತ ನಾಲ್ವರಲ್ಲಿ ಒಬ್ಬಳು. ಹಾಗಾಗಿ ಬೈಗುಳದಲ್ಲೂ ಮರ್ಯಾದೆಯಿತ್ತು.

"ಅಂಕಲ್, ನಿಮಗೆ ಕೈ ಮುಗೀತೀನಿ. ನನ್ನ ಮಗಳು ಒಂದು ಗಂಟೆಯಿಂದ ಮರದ ಕೆಳಗೆ ಮೊಣಕಾಲೂರಿ ಕೂತಿದಾಳೆ. ಕರೆದ್ರೆ ಬರ್ತಿಲ್ಲ. ರಿಲೀವರ್ ಬಂದಿಲ್ವಂತೆ!"

ರಿಲೀವರ್ ಮಹಾಶಯ ಮೈದಾನದಲ್ಲಿ ಬೌಲಿಂಗ್ ಮಾಡುತ್ತಿದ್ದ. ನಾನು ಓಡಿದೆ. ಸೊಳ್ಳೆಗಳ ಮಧ್ಯೆ ಎಸ್ತರ್ ಕಣ್ಣು ಮುಚ್ಚಿ, ಕೈ ಜೋಡಿಸಿ ಕೂತಿದ್ದಳು.

"ಎದ್ದೇಳಮ್ಮಾ, ಸಾಕು."

"ಆಗಲ್ಲ ಅಂಕಲ್," ಎಂದಳು, ಕಣ್ಣು ತೆರೆಯದೆ. "ಈಗ ನಾನು ಎದ್ರೆ ಗುಡ್ಡ ಅರ್ಧದಲ್ಲಿ ನಿಂತ್ಬಿಟ್ರೆ? ರೋಡ್ ಮಧ್ಯೆ ನಿಂತ್ರೆ ಬಸ್ಸೆಲ್ಲ ಹೇಗೆ ಹೋಗ್ತವೆ?"

ನಿಯಮ ಬರೆದವನು ನಾನೇ. "ಸರಿ, ನಿನ್ನ ರಿಲೀವರ್ ನಾನು," ಎಂದು ಪಕ್ಕದಲ್ಲಿ ಮೊಣಕಾಲೂರಿದೆ. ಎರಡು ಮೊಣಕಾಲೂ ಕಾರ್ಖಾನೆಯ ಹಳೆಯ ಬಾಗಿಲಿನಂತೆ ಸದ್ದು ಮಾಡಿದವು.

ಎಸ್ತರ್ ಸಮಾಧಾನದಿಂದ ಎದ್ದು ಲಂಗ ಕೊಡವಿಕೊಂಡಳು. "ಇನ್ನ ಹತ್ತೇ ದಿನ ಅಂಕಲ್. ಮಕ್ಕಳ ಸಮ್ಮೇಳನಕ್ಕೆ ಶಿವಮೊಗ್ಗಕ್ಕೆ ಹೋಗ್ತೀವಲ್ಲ, ಆಗ ಎಲ್ಲಾರೂ ನೋಡ್ಬೋದು!"

ಸಮ್ಮೇಳನ! ಎಲ್ಲ ಸಂಡೇ ಸ್ಕೂಲುಗಳೂ ಸೇರುವ ಆ ದಿನದ ವಿಷಯವನ್ನು ಸುಗುಣಾ ಕ್ಯಾಲೆಂಡರಿನಲ್ಲಿ ದೊಡ್ಡದಾಗಿ ಬರೆದಿಟ್ಟಿದ್ದಳು. ಆ ಕ್ಷಣದಲ್ಲಿ ನಾನು ಮಾಡಿದಷ್ಟು ಪ್ರಾಮಾಣಿಕವಾದ ಪ್ರಾರ್ಥನೆಯನ್ನು ಆ ಮರದ ಕೆಳಗೆ ಇನ್ನಾರೂ ಮಾಡಿರಲಾರರು.

ಡ್ಯೂಟಿ ಮುಗಿಸಿ ಹೋಗುತ್ತಿದ್ದ ನಮ್ಮ ಸೆಕ್ಷನ್ನಿನ ಹುಡುಗರು ಸೈಕಲ್ ನಿಲ್ಲಿಸಿದರು. "ಏನ್ ಸಾರ್, ಏನಾದ್ರೂ ಕಳ್ಕೊಂಡ್ರಾ?"

"ಡ್ಯೂಟಿಲಿದೀನಿ. ಹೋಗ್ರಯ್ಯಾ!"

ಐದು ನಿಮಿಷ ಕಳೆಯಿತು. ಏಳಲು ನೋಡಿದೆ. ಆಗಲಿಲ್ಲ! ಕೊನೆಗೆ ಎಸ್ತರ್ ಒಂದು ಕಡೆ, ಅವಳ ತಾಯಿ ಇನ್ನೊಂದು ಕಡೆ ಹಿಡಿದು, "ಒನ್, ಟೂ, ತ್ರೀ," ಎಂದು ನನ್ನನ್ನು ಮೇಲೆತ್ತಿದರು.

ಎರಡನೆಯ ಭಾನುವಾರ ಸಂತು ಬರಲಿಲ್ಲ. ಅವನ ಮನೆಗೆ ಹೋದರೆ ಮಂಚದ ಕೆಳಗೆ ಮುದುಡಿ ಕೂತಿದ್ದ. "ಗುಡ್ಡ ಅಲ್ಲೇ ಇರ್ಲಿ ಅಂತ ದಿನಾ ಪ್ರಾರ್ಥನೆ ಮಾಡ್ತಾನೆ," ಎಂದಳು ತಾಯಿ. "ಊಟ ಸೇರ್ತಿಲ್ಲ. ಅಜ್ಜಿ ಮೇಲೆ ಬೀಳುತ್ತೆ ಅಂತ ಅಳ್ತಾನೆ. ನೀವೇನೋ ಆರ್ಡರ್ ಮಾಡಿದೀರಂತಲ್ಲ?" ನಾನು ಬಗ್ಗಿ, ಗುಡ್ಡ ಎಲ್ಲಿಗೂ ಹೋಗುವುದಿಲ್ಲವೆಂದು ಸಂತುವಿಗೆ ಮೆಲ್ಲಗೆ ಭರವಸೆ ಕೊಟ್ಟೆ. ಕ್ಲಾಸಿಗೆ ಮರಳಿ, ಕೆಲಸ ಭರದಿಂದ ಸಾಗಿದೆಯೆಂದು ಹದಿನೆಂಟು ಮಕ್ಕಳಿಗೆ ಭರವಸೆ ಕೊಟ್ಟೆ. ಹೀಗೆ ಒಂದೇ ಬೆಳಿಗ್ಗೆ ಎರಡೂ ಪಕ್ಷಕ್ಕೆ ಮಾತು ಕೊಟ್ಟ ಕೀರ್ತಿ ನನ್ನದು.

ಸಮ್ಮೇಳನದ ದಿನ ಬಂತು. ಬಸ್ಸು ಶಿವಮೊಗ್ಗ ಸಮೀಪಿಸಿದಂತೆ ಹಾಡು ನಿಂತಿತು. ಮಕ್ಕಳೆಲ್ಲ ಒಂದೇ ಕಡೆಯ ಕಿಟಕಿಗೆ ಮುಗಿಬಿದ್ದರು. "ಏಯ್, ಬಸ್ ವಾಲುತ್ತೆ, ಕೂತ್ಕೊಳ್ರೋ!" ಎಂದು ಡ್ರೈವರ್ ಕೂಗಿದ.

ರಾಗಿಗುಡ್ಡ ಇತ್ತು. ಇದ್ದಲ್ಲೇ ಇತ್ತು. ಒಂದು ಕಲ್ಲೂ ಅತ್ತಿತ್ತ ಸರಿದಿರಲಿಲ್ಲ.

"ಇದೆ! ಇದೆ!" ಎಂದು ಸಂತು ಒಬ್ಬನೇ ಚಪ್ಪಾಳೆ ತಟ್ಟಿದ. ಉಳಿದವರು ನಿಧಾನವಾಗಿ ಕೂತರು. ಎಸ್ತರ್ ನನ್ನ ಪಕ್ಕಕ್ಕೆ ಬಂದು ಮುಷ್ಟಿ ಬಿಡಿಸಿದಳು. ಒಂದು ಸಣ್ಣ ಕಾಗದಕ್ಕೆ ಅಂಟಿಸಿದ ಸಾಸಿವೆ ಕಾಳು. ಎರಡು ವಾರ ಹುಷಾರಾಗಿ ಇಟ್ಟುಕೊಂಡಿದ್ದಳು.

"ಅಂಕಲ್, ನನ್ನ ಹತ್ರ ಇಷ್ಟೂ ನಂಬಿಕೆ ಇಲ್ಲ ಅಲ್ವಾ?" ಎಂದಳು. "ನಾನಿನ್ನು ಸಂಡೇ ಸ್ಕೂಲಿಗೆ ಬರಲ್ಲ. ಬಂದು ಏನು ಪ್ರಯೋಜನ?"

ಸುಗುಣಾ ಇಪ್ಪತ್ತೆರಡು ವರ್ಷದಲ್ಲಿ ಕಾಳು ಕಾಳಾಗಿ ಕೂಡಿಸಿದ್ದನ್ನು ನಾನು ಹದಿನಾಲ್ಕು ದಿನದಲ್ಲಿ ಚೆಲ್ಲಿದ್ದೆ.

ಸಮ್ಮೇಳನ ನಡೆಯುವ ಚರ್ಚಿನ ವರಾಂಡದಲ್ಲಿ ಪ್ಲಾಸ್ಟರ್ ಕಾಲನ್ನು ಇನ್ನೊಂದು ಕುರ್ಚಿಯ ಮೇಲಿಟ್ಟು ಸುಗುಣಾ ಕಾಯುತ್ತಿದ್ದಳು. ಮಕ್ಕಳು ಹೋಗಿ ಮುತ್ತಿಕೊಂಡರು. ಎಲ್ಲರ ತಲೆ ಸವರುತ್ತಲೇ ಅವಳ ಕಣ್ಣು ದೂರ ನಿಂತವಳ ಮೇಲೆ ಹೋಯಿತು.

"ಎಸ್ತರ್, ಯಾಕೆ ಅಲ್ಲೇ ನಿಂತೆ? ಬಾ ಪುಟ್ಟಿ."

ಅಷ್ಟು ಸಾಕಾಯಿತು. ಅಳುವಿನ ಜೊತೆ ಸಾಸಿವೆ, ಚಾರ್ಟ್, ಶಿಫ್ಟ್, ರಿಲೀವರ್, ಸೊಳ್ಳೆ, ಎಲ್ಲವೂ ಹೊರಬಂದವು. ನಾನು ಚರ್ಚಿನ ಹಂಚುಗಳನ್ನು ಗಮನವಿಟ್ಟು ಪರಿಶೀಲಿಸುತ್ತಿದ್ದೆ.

ಸುಗುಣಾ ನನ್ನನ್ನು ಬೈಯಲಿಲ್ಲ. ಗುಡ್ಡ ಎಂದರೆ ಗುಡ್ಡವಲ್ಲ, ಅದಕ್ಕೆ ಬೇರೆ ಅರ್ಥವಿದೆ ಎಂದು ನುಣುಚಿಕೊಳ್ಳಲೂ ಇಲ್ಲ. ಎಸ್ತರಳನ್ನು ಹತ್ತಿರ ಕೂರಿಸಿಕೊಂಡು ಕೇಳಿದಳು: "ಎಷ್ಟು ದಿನ ಪ್ರಾರ್ಥನೆ ಮಾಡ್ದೆ?"

"ಹದಿನಾಲ್ಕು."

"ನಾನೂ ಒಂದು ಗುಡ್ಡಕ್ಕೆ ಮಾಡ್ತಿದ್ದೆ. ಇಪ್ಪತ್ತೆರಡು ವರ್ಷ."

ಮಕ್ಕಳು ಬಾಯಿ ಬಿಟ್ಟರು. "ಯಾವ ಗುಡ್ಡ ಟೀಚರ್?"

"ನಮ್ಮನೇದೇ. ಭಾನುವಾರ ಬೆಳಿಗ್ಗೆ ಮಂಚ ಬಿಟ್ಟು ಒಂದಿಂಚೂ ಅಲ್ಲಾಡ್ತಿರ್ಲಿಲ್ಲ. ನಾನು ಪ್ರತಿ ಶನಿವಾರ ಅದರ ಅಂಗಿಗೆ ಇಸ್ತ್ರಿ ಮಾಡಿ ಇಡ್ತಿದ್ದೆ. ಇವತ್ತು ಸರಿಯುತ್ತೆ, ನಾಳೆ ಸರಿಯುತ್ತೆ ಅಂತ. ಎಷ್ಟೋ ಸಲ ನನಗೂ ಅಳು ಬಂದಿದೆ."

ಹತ್ತೊಂಬತ್ತು ತಲೆಗಳು ಒಟ್ಟಾಗಿ ನನ್ನ ಕಡೆ ತಿರುಗಿದವು. ನಾನು ಹಾಕಿಕೊಂಡಿದ್ದು ಅದೇ ಬಿಳಿ ಅಂಗಿ.

"ಅದು ಈ ತಿಂಗಳು ತಾನಾಗೇ ಎದ್ದು ನಿಮ್ಮ ಹತ್ರ ಬಂತು. ನಾನು ಸ್ಟೂಲಿಂದ ಬೀಳ್ಬೇಕಾಯ್ತು, ಅದು ಬೇರೆ ವಿಷಯ. ಮೊಣಕಾಲೂರಿತಂತೆ, ನಿಜಾನಾ? ಯಾರಾದ್ರೂ ನೋಡಿದ್ರಾ?"

"ನಾನು ನೋಡ್ದೆ!" ಎಸ್ತರ್ ಛಂಗನೆ ಎದ್ದಳು. "ನಾನೇ ಟೀಚರ್, ನಾನೂ ಅಮ್ಮನೂ ಸೇರಿ ಎತ್ತಿದ್ದು!"

ಬಳಿಕ ಅವಳು ನನ್ನನ್ನು ಪಾದದಿಂದ ಹೊಟ್ಟೆಯವರೆಗೆ, ಹೊಟ್ಟೆಯಿಂದ ಬೋಳುತಲೆಯವರೆಗೆ ಬಹಳ ಹೊತ್ತು ಅಳೆದಳು. "ದೊಡ್ಡದೇ," ಎಂದು ತೀರ್ಪು ಕೊಟ್ಟಳು. ಸಾಸಿವೆ ಕಾಳಿನ ಕಾಗದವನ್ನು ಮಡಚಿ ಜೋಪಾನವಾಗಿ ಜೇಬಿಗೆ ಹಾಕಿಕೊಂಡಳು.

ರಾಗಿಗುಡ್ಡವನ್ನು, ಸಂತುವಿನ ಅಜ್ಜಿಯ ಹಿತದೃಷ್ಟಿಯಿಂದ, ಇದ್ದಲ್ಲೇ ಬಿಡಲಾಯಿತು.

ಸುಗುಣಾಳ ಪ್ಲಾಸ್ಟರ್ ಬಿಚ್ಚಿದ ಮೇಲೆ ಅವಳು ಮನೆಗೆ ಬಂದಳು. ನನ್ನ ಜವಾಬ್ದಾರಿ ಮುಗಿಯಿತೆಂದು ನಾನು ಆ ಭಾನುವಾರ ನೆಮ್ಮದಿಯಿಂದ ಹೊದ್ದು ಮಲಗಿದೆ. ಎಂಟು ಗಂಟೆಗೆ ಬಾಗಿಲು ಬಡಿದ ಸದ್ದು. ಎಸ್ತರ್ ನಿಂತಿದ್ದಳು, ಕೈಯಲ್ಲಿ ಹೊಸ ಚಾರ್ಟ್, ಅದೇ ಕೆಂಪು ಶಾಯಿ. ಹಿಂದೆ ಸಂತು.

"ಏನಮ್ಮಾ ಇದು?"

"ಗುಡ್ಡ ವಾಪಸ್ ಹೋಗದ ಹಾಗೆ ನೋಡ್ಕೋಬೇಕಲ್ಲ ಅಂಕಲ್. ಪ್ರತಿ ವಾರ ಒಬ್ಬೊಬ್ಬರು ಬರ್ತೀವಿ. ಇವತ್ತು ನಂದು, ಮುಂದಿನ ವಾರ ಸಂತೂದು."

ಒಳಗೆ ಕುರ್ಚಿಯ ಬೆನ್ನಿನ ಮೇಲೆ ಅಂಗಿ ಸಿದ್ಧವಾಗಿತ್ತು. ಹಾಕಿಕೊಂಡು ಹೊರಟೆ. ಈಗ ಸಂಡೇ ಸ್ಕೂಲಿನಲ್ಲಿ ನನ್ನ ಅಧಿಕೃತ ಹುದ್ದೆ ಚಾಪೆ ಹಾಸುವುದು, ಮತ್ತೆ ಬೀರುವಿನ ಮೇಲಿಂದ ಫ್ಲಾನೆಲ್ ಬಟ್ಟೆ ಇಳಿಸಿಕೊಡುವುದು. ಹೊಸದೇನೂ ಮಾಡಲು ನನಗೆ ಅನುಮತಿಯಿಲ್ಲ. ರಿಲೀವರ್ ಬಂದರೆ ಮನೆಗೆ ಹೋಗಬಹುದೆಂದು ಎಸ್ತರ್ ಹೇಳಿದ್ದಾಳೆ. ಇನ್ನೂ ಯಾರೂ ಬಂದಿಲ್ಲ!