‘ನೈಸ್’ ಅವರಿಗೆ, ಕುರುಬರಹಳ್ಳಿಯಿಂದ

ಮಾನ್ಯ ‘ನೈಸ್’ ಅವರೇ,

ಲ್ಯಾಟಿನ್ನಿನಲ್ಲಿ ಹುಟ್ಟಿ, ಫ್ರೆಂಚರ ಮನೆಯಲ್ಲಿ ಬೆಳೆದು, ಇಂಗ್ಲಿಷಿನಲ್ಲಿ ದೊಡ್ಡವರಾಗಿ, ಈಗ ನಮ್ಮ ಬೀದಿಯ ಹಿಟ್ಟಿನ ಮಿಲ್ಲಿನವರೆಗೂ ದಯಮಾಡಿಸಿರುವ ತಮಗೆ ಗಿರಿರಾಜನ ಸಾಷ್ಟಾಂಗ ನಮಸ್ಕಾರಗಳು.

ತಮ್ಮ ಜಾತಕವನ್ನು ನಿಘಂಟಿನಲ್ಲಿ ನೋಡಿದೆ. ಹುಟ್ಟುವಾಗ ತಾವು ‘ಏನೂ ತಿಳಿಯದವ’, ಆಮೇಲೆ ‘ಪೆದ್ದ’. ಮುಂದೆ ಸಂಕೋಚದವ, ಕುಂದು ಹುಡುಕುವವ, ನಾಜೂಕಿನವ ಎಂದೆಲ್ಲ ಅನ್ನಿಸಿಕೊಂಡು ಕೊನೆಗೆ ‘ಒಳ್ಳೆಯವ’ ಆದಿರಂತೆ. ಪೆದ್ದನೊಬ್ಬ ಯಾರ ಕೈಕಾಲೂ ಹಿಡಿಯದೆ ಇಷ್ಟು ಮೇಲೆ ಬಂದದ್ದು ನಮ್ಮ ವಾರ್ಡಿನ ರಾಜಕಾರಣದಲ್ಲೂ ಅಪರೂಪ. ನಮ್ಮಲ್ಲಿಗೆ ಬಂದ ಮೇಲಾದರೂ ತಾವು ಸುಮ್ಮನೆ ಕೂರಬಹುದಿತ್ತು. ಹಿಟ್ಟು ನುಣ್ಣಗಾದರೆ ‘ನೈಸ್’ ಆಯಿತು, ಸಿಹಿ ಮಾತಾಡಿ ಕೆಲಸ ಸಾಧಿಸಿಕೊಂಡರೆ ‘ನೈಸ್ ಮಾಡಿದ’. ಈ ಎರಡನೆಯದೇ ನನ್ನ ದೂರು.

ನನ್ನ ಮಗಳು ಕೀರ್ತನಾ ವಿಜಯನಗರದ ಶಾಲೆಯೊಂದರಲ್ಲಿ ಟೀಚರ್. ಅಲ್ಲೇ ಗಣಿತ ಹೇಳಿಕೊಡುವ ಹನುಮೇಶನನ್ನು ಮೆಚ್ಚಿದಳು. ಅವನು ಕೊಪ್ಪಳದ ಕಡೆಯವನು, ತಾಯಿ ಹಾಲವ್ವನವರೊಂದಿಗೆ ಅತ್ತಿಗುಪ್ಪೆಯಲ್ಲಿದ್ದಾನೆ. ಬೇರೆ ಸೀಮೆಯ ಸಂಬಂಧವೆಂದು ಮುಖ ಸಿಂಡರಿಸಿದ್ದ ನನ್ನ ತಾಯಿ ಅಕ್ಕಯ್ಯಮ್ಮನವರನ್ನು ಒಪ್ಪಿಸುವಷ್ಟರಲ್ಲಿ ನನ್ನ ಅರ್ಧ ಆಯುಸ್ಸು ಸವೆಯಿತು. ಅಂತೂ ತಾಯಿ ಮಗ ನಮ್ಮ ಮನೆಗೆ ಬಂದರು. ಅಮ್ಮ ಮೊಮ್ಮಗಳನ್ನು ಅಡುಗೆಮನೆಗೆ ಕರೆದು, “ನಿಜ ಹೇಳು, ಹುಡುಗ ಎಂಥೋನು?” ಎಂದು ಕೇಳಿದರು. “ತುಂಬಾ ನೈಸ್ ಅಜ್ಜಿ” ಎಂದಳು ಇವಳು.

ಮಾನ್ಯರೇ, ಆ ಗಳಿಗೆಯಲ್ಲಿ ತಾವು ಯಾವ ವೇಷದಲ್ಲಿದ್ದಿರಿ? ನನ್ನ ಚಿಕ್ಕಪ್ಪ ಹಿಂದೆ ಅಮ್ಮನನ್ನು ನೈಸ್ ಮಾಡಿಯೇ ಕಾರ್ನರ್ ಸೈಟು ಬರೆಸಿಕೊಂಡದ್ದು. ಅಮ್ಮ ನಡುಮನೆಗೆ ಬಂದವರೇ, “ನೋಡಿ ಹೇಳ್ ಕಳಿಸ್ತೀವಿ” ಎಂದುಬಿಟ್ಟರು. ಆ ಮಾತಿನ ಅರ್ಥ ಯಾವ ಸೀಮೆಯವರಿಗೂ ಗೊತ್ತು. ಹಾಲವ್ವ ಕಾಫಿಯ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟು ಎದ್ದರು. ಪರಸೀಮೆಯವರೆಂಬ ಕಾರಣಕ್ಕೇ ಬೇಡವೆಂದರು ಎಂದು ನೊಂದುಕೊಂಡ ಹನುಮೇಶ ಫೋನು ಎತ್ತಲಿಲ್ಲ. ಹಾಗೆಯೇ ತಿಳಿದ ಕೀರ್ತನಾ ಅಜ್ಜಿಯ ಜೊತೆ ಮಾತು ಬಿಟ್ಟಳು.

ಭಾನುವಾರ ತಡೆಯಲಾರದೆ ನಾನೇ ಅಮ್ಮನನ್ನು ಕೇಳಿದೆ. “ನಿನ್ನ ಮಗಳೇ ಹೇಳಿದ್ಲಲ್ಲೋ, ನೈಸ್ ಮಾಡೋನು ಅಂತ” ಎಂದರು. “ಒಳ್ಳೆಯವನು ಅನ್ನೋ ಅರ್ಥದಲ್ಲಿ ಅಂದೆ ಅಜ್ಜಿ” ಎಂದು ಕೀರ್ತನಾ ಅತ್ತಳು, ಅಳುತ್ತಲೇ ನಕ್ಕಳು. “ಹಂಗಂದ್ರೆ ಒಳ್ಳೆಯವ್ನು ಅನ್ನೋಕೇನಾಗಿತ್ತೇ ನಿಂಗೆ?” ಎಂದರು ಅಮ್ಮ.

ಆ ಸಂಜೆಯೇ ಅಮ್ಮ ಅತ್ತಿಗುಪ್ಪೆಗೆ ಹೋಗಿ, ನಡೆದದ್ದನ್ನು ಹೇಳಿ, ತಪ್ಪಾಯಿತೆಂದರು. ಹಾಲವ್ವ ರೊಟ್ಟಿಯ ತಟ್ಟೆ ತಂದು ಮುಂದಿಟ್ಟರು. ಆಮೇಲೆ, “ಅಂವಾ ಯಾರ್ನ ನೈಸ್ ಮಾಡ್ಯಾನ್ರೀ ಯವ್ವಾ? ನಾಕ್ ಮಂದಿ ಮುಂದ ಮಾತಾಡಾಕ ಬರಂಗಿಲ್ಲ ಅವಂಗ. ಗಿರಣಿಗೆ ಹೋಗಿ ನುಣ್ಣಗ ಬೀಸಿಸ್ಕೊಂಡ್ ಬಾ ಅಂದ್ರ ರವಾ ತರತಾನ” ಎಂದರು. ಅಮ್ಮ ನಕ್ಕು, ಕೂತು, ಎರಡನೆಯ ರೊಟ್ಟಿಯನ್ನೂ ಹಾಕಿಸಿಕೊಂಡರು. ಸಂಬಂಧ ಕುದುರಿತು.

ಹುಡುಗಿಯ ಬಾಯಲ್ಲಿ ‘ಒಳ್ಳೆಯವ’, ಹೆತ್ತವಳ ಬಾಯಲ್ಲಿ ‘ಏನೂ ತಿಳಿಯದವ’ ಎಂದು ಒಬ್ಬನೇ ಹುಡುಗನಲ್ಲಿ ತಮ್ಮ ಆದಿ ಅಂತ್ಯಗಳೆರಡನ್ನೂ ತೋರಿಸಿಕೊಟ್ಟ ತಮ್ಮ ಮಹಿಮೆಗೆ ಶರಣು. ಇನ್ನು ಮುಂದೆ ನಮ್ಮ ಮನೆಗೆ ಬರುವಾಗ ಉಳಿದ ಅರ್ಥಗಳನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟು, ಬಿಎಂಟಿಸಿ ಬಸ್ಸಿನಂತೆ ಎದೆಗೆ ಬೋರ್ಡು ಹಾಕಿಕೊಂಡು ಬರಬೇಕೆಂದು ಪ್ರಾರ್ಥನೆ.

ತಮ್ಮ ಒಂದೇ ಒಂದು ಅರ್ಥಕ್ಕೆ ಮಾತ್ರ,
ತಮ್ಮ ವಿಶ್ವಾಸಿ,
ಗಿರಿರಾಜ್

ಮರೆತ ಮಾತು: ತಮ್ಮ ಬಂಧು ‘ಸಿಂಪಲ್’ ಈಗ ನಮ್ಮಲ್ಲಿ ಬಿಡಾರ ಹೂಡಿದ್ದಾರೆ. ಮದುವೆ ಸಿಂಪಲ್ಲಾಗಿ ಆಗಲಿ ಎಂದು ಹಾಲವ್ವ ದೇವಸ್ಥಾನ ವಿಚಾರಿಸುತ್ತಿದ್ದಾರೆ; ಸಿಂಪಲ್ಲಾಗಿಯೇ ಆಗಲಿ ಎಂದು ನನ್ನ ಹೆಂಡತಿ ಕೆಂಗೇರಿಯ ಆಚೆ ಕಾರು ನಿಲ್ಲಿಸಲು ಜಾಗವಿರುವ ಛತ್ರ ನೋಡಿ ಬಂದಿದ್ದಾಳೆ. ಅವರಿಗೂ ಸ್ವಲ್ಪ ಬುದ್ಧಿ ಹೇಳಿ.