ಖುದ್ದಾಗಿ ಬಂದವರು

ಈ ಸಲದ ಮಹಾಸಭೆಯ ನೋಟಿಸು ತಲುಪಲಿಲ್ಲವೆಂದು ಹೇಳುವ ಧೈರ್ಯಶಾಲಿ ಹಲಗೂರು ಹೋಬಳಿಯಲ್ಲಿ ಇನ್ನೂ ಹುಟ್ಟಿಲ್ಲ ಎಂದು ಇಂದ್ರಮ್ಮನವರು ಒಲೆಯ ಮುಂದೆ ನಿಂತು ಘೋಷಿಸಿದರು. ಕೈಯಲ್ಲಿ ಮುದ್ದೆ ತಿರುವುವ ಕೋಲಿತ್ತು. ಆದ್ದರಿಂದ ಗಂಡ ಚೌಡಯ್ಯನವರು ವಾದಿಸಲಿಲ್ಲ.

ಇಂದ್ರಮ್ಮ ಊರಿನ ಮಹಿಳಾ ಹಾಲು ಸಂಘದ ಕಾರ್ಯದರ್ಶಿ. ಮಹಾಸಭೆಗೆ ಮುಂಚೆ ಪ್ರತಿಯೊಬ್ಬ ಸದಸ್ಯೆಗೂ ಲಿಖಿತ ತಿಳಿವಳಿಕೆ ತಲುಪಬೇಕೆಂಬುದು ಕಾನೂನು. ಹೋದ ವರ್ಷ ಮನೆಮನೆಗೆ ಹಂಚಿದ ಕಾಗದಗಳಲ್ಲಿ ಕೆಲವು ಬೋಂಡ ಸುತ್ತಿಕೊಂಡು ಹೋದವು, ಒಂದನ್ನು ಸದಸ್ಯೆ ಪಟ್ಟಲಮ್ಮನ ಎಮ್ಮೆ ತಿಂದಿತು, ಸಭೆ ಅಸಿಂಧುವಾಯಿತು. ಇನ್ನೊಮ್ಮೆ ಹೀಗಾದರೆ ಕಾರ್ಯದರ್ಶಿಯನ್ನೇ ಬದಲಾಯಿಸಬೇಕಾದೀತು ಎಂದು ಹಾಲು ಒಕ್ಕೂಟದ ಮೇಲ್ವಿಚಾರಕ ವೆಂಕಟೇಶಮೂರ್ತಿಗಳು ಎಚ್ಚರಿಸಿದ್ದರು. ಈ ವರ್ಷ ದಾರಿ ತೋರಿಸಿದವರೂ ಅವರೇ. ಸದಸ್ಯೆ ತಾನಾಗಿ ಕೊಟ್ಟ ನಂಬರಿಗೆ ವಾಟ್ಸಾಪಿನಲ್ಲಿ ಕಳುಹಿಸಿ, ತಲುಪಿತೆಂಬ ಉತ್ತರ ಬಂದರೆ ಅದೂ ಲಿಖಿತವೇ ಎಂದರು.

ಹಾಲು ಹಾಕಲು ಬಂದವರನ್ನೆಲ್ಲ ಇಂದ್ರಮ್ಮ ನಂಬರು ಕೇಳಿದರು. ಎಲ್ಲರೂ ಮಕ್ಕಳ ಹೆಸರು ಹೇಳಿದಷ್ಟು ಸಲೀಸಾಗಿ ಹೇಳಿದರು. ಆಮೇಲೆ ಸಂಜೆ ಶಾಲೆಯಲ್ಲಿ ಸಂಪಾದಿಸಿದ ಕನ್ನಡವನ್ನೆಲ್ಲ ಸುರಿದು ಅವರು ನೋಟಿಸು ಬರೆದರು: ‘ತಾವು ಖುದ್ದಾಗಿ ಹಾಜರಿರತಕ್ಕದ್ದು. ತಮ್ಮ ಬದಲಿಗೆ ಮನೆಯ ಇತರರನ್ನು ಕಳುಹಿಸತಕ್ಕದ್ದಲ್ಲ. ಸಭೆಯ ನಂತರ ಊಟವಿರುತ್ತದೆ.’

ಒಂದೊಂದೇ ನಂಬರಿಗೆ ಕಳುಹಿಸಿದ್ದೇ ತಡ, ಉತ್ತರಗಳು ಬಂದು ಬಿದ್ದವು. ಎಲ್ಲವೂ ಹೆಬ್ಬೆಟ್ಟಿನ ಚಿತ್ರ.

“ಎಬ್ಬೆಟ್ಟು ಬುಟ್ಟು ರುಜು ಕಲಿಯಕ್ಕೆ ನಾನು ಈ ವಯಸ್ಸಲ್ಲಿ ಸ್ಲೇಟು ಇಡ್ಕಂಡೆ,” ಎಂದು ಇಂದ್ರಮ್ಮ ನಿಟ್ಟುಸಿರಿಟ್ಟರು. “ಈಗ ಓದ್ದೋರೆಲ್ಲ ಎಬ್ಬೆಟ್ಟಿಗೆ ಬಂದವ್ರೆ.”

ಆದರೂ ಉತ್ತರ ಉತ್ತರವೇ. ಸಭೆಯ ದಿನ ಅವರು ರೇಷ್ಮೆ ಸೀರೆಯುಟ್ಟು ಸಂಘದ ಬಾಗಿಲಿಗೆ ಬಂದರು. ಬಂದ ಕಾಲು ಹೊಸ್ತಿಲಿಗೇ ಅಂಟಿಕೊಂಡಿತು.

ಒಳಗೆ ಕುರ್ಚಿಗೊಬ್ಬರಂತೆ ಗಂಡಸರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಹೆಗಲಿಗೆ ಟವಲು, ಕೆಲವರ ಮುಖಕ್ಕೆ ಪೌಡರು ಕೂಡ. ಹುಡುಕಿದರೂ ಒಂದು ಸೆರಗಿಲ್ಲ. ಕಟ್ಟಡ ತಪ್ಪಿತೇನೋ ಎಂದು ಇಂದ್ರಮ್ಮ ಹೊರಗೆ ಬಂದು ಬೋರ್ಡು ಓದಿದರು. ‘ಮಹಿಳಾ’ ಎಂದೇ ಇತ್ತು.

“ನೀವೆಲ್ಲ ಯಾಕ್ರಪ್ಪ ಬಂದ್ರಿ?”

ಪಟ್ಟಲಮ್ಮನ ಗಂಡ ನಿಂಗಯ್ಯ ಎದ್ದು ನಿಂತ. “ಅದ್ಯಾಕಕ್ಕ ಅಂಗಂದೀಯೆ? ಕರೆದೋಳು ನೀನೇ. ತಾವು ಖುದ್ದಾಗಿ ಅಂತ ಐತೆ.”

“ಅದು ನಿನ್ನೆಂಡ್ರಿಗೆ ಕಳ್ಸಿದ್ದು ಕಣ್ಲಾ.”

“ಫೋನು ನಂದು. ನಂಗೂ ಮೊದ್ಲು ಅನುಮಾನ್ವೇ. ಎಂಡ್ರುನ್ನೇ ಕಳ್ಸುಮಾ ಅಂದ್ಕಂಡೆ. ನೋಡುದ್ರೆ, ಮನೆಯ ಇತರರನ್ನ ಕಳಿಸಬಾರ್ದು ಅಂತ ಬರ್ದಿದ್ದೀಯ. ಕಾನೂನು ಮೀರಕ್ಕಾಯ್ತದಾ?”

ಸಭೆ ಒಟ್ಟಾಗಿ ತಲೆಯಾಡಿಸಿತು. ಅಡುಗೆಮನೆಯ ಕಡೆಯಿಂದ ಪಾಯಸದ ವಾಸನೆ ಬರುತ್ತಿತ್ತು. ಕಾನೂನಿನ ಮೇಲಿನ ಗೌರವಕ್ಕೆ ಅದೂ ಒಂದು ಕಾರಣವಿದ್ದೀತು.

ಇಂದ್ರಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು ಪಟ್ಟಲಮ್ಮನ ಕೊಟ್ಟಿಗೆಗೆ ಓಡಿದರು. ಆಕೆ ಸಗಣಿ ಬಾಚುತ್ತಿದ್ದಳು.

“ಗಂಡನ ನಂಬರ್ ಯಾಕಮ್ಮಿ ಕೊಟ್ಟೆ?”

“ಮನೆಗಿರದು ಅದೊಂದೇ ಕಣಕ್ಕ. ಗ್ಯಾಸ್‌ಗೂ ಅದೇಯ, ರೇಸನ್‌ಗೂ ಅದೇಯ, ನನ್ ಬ್ಯಾಂಕ್‌ಗೂ ಅದೇಯ. ಸಂಗಕ್ಕೆ ಅಂತ ಬ್ಯಾರೆ ಎಲ್ಲಿಂದ ತರ್ಲಿ?”

ಮರಳಿ ಬರುವ ಹೊತ್ತಿಗೆ ವೆಂಕಟೇಶಮೂರ್ತಿಗಳು ಬಂದು, ಪಂಚೆಗಳ ಆ ಸಾಗರವನ್ನು ಕಂಡು, ಬಾಯಿ ತೆರೆದುಕೊಂಡೇ ಕುಳಿತಿದ್ದರು. ಇಂದ್ರಮ್ಮ ತಮ್ಮ ಪಾಲಿನ ತಪ್ಪೇನೂ ಇಲ್ಲವೆಂದು ಸಾಧಿಸಲು ಮುಂದಾದರು.

“ಬುದ್ಧಿಯಿಲ್ಲದ ಹೆಂಗಸರು ಸಾರ್. ಗಂಡನ ನಂಬರು ಕೊಟ್ಟರೆ ನೋಟಿಸು ಗಂಡನಿಗೆ ಹೋಗುತ್ತದೆ ಎಂಬಷ್ಟೂ ತಿಳಿಯದವರು.”

ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಚೌಡಯ್ಯನವರು.

“ನಂಗೂ ಬಂದೈತೆ ಕಣಮ್ಮಿ. ನಿಂಗೆ ಬರ್ಬೇಕಾದ್ದು.”

ಇಂದ್ರಮ್ಮನಿಗೆ ಕೆನ್ನೆಗೆ ಬಾರಿಸಿದಂತೆ ನೆನಪು ಬಂತು. ಕಳುಹಿಸುವ ಫೋನು ತಮ್ಮದೇ. ಅದರಿಂದ ಅದಕ್ಕೇ ಕಳುಹಿಸುವುದು ಹೇಗೆಂದು ತಿಳಿಯದೆ, ತಮ್ಮ ಹೆಸರಿನ ಮುಂದೆ ಗಂಡನ ನಂಬರನ್ನೇ ಹಾಕಿದ್ದರು. ಸಭೆ ಕುರ್ಚಿ ಅಲುಗುವಂತೆ ನಕ್ಕಿತು.

“ಸಭೆ ಅಸಿಂಧು,” ಎಂದರು ವೆಂಕಟೇಶಮೂರ್ತಿಗಳು. “ಹೋದ ವರ್ಷವೇ ಹೇಳಿದ್ದೆ, ಇಂದ್ರಮ್ಮನವರೇ.”

 ಸಂಘದ ಬೀಗದ ಕೈ ಇಂದ್ರಮ್ಮನ ಸೊಂಟದಲ್ಲಿ ಒಮ್ಮೆಲೇ ಭಾರವಾಯಿತು. ಮೇಲ್ವಿಚಾರಕರು ಹಣೆ ಉಜ್ಜಿಕೊಂಡರು.

“ಒಂದು ದಾರಿಯಿದೆ. ನೀವೂ ಸದಸ್ಯೆ, ನಿಮಗೂ ನೋಟಿಸು ತಲುಪಿಲ್ಲ. ಹಾಗೆಂದು ಈಗಲೇ ದೂರು ಬರೆದುಕೊಡಿ. ದೂರು ಕೊಟ್ಟವರನ್ನೇ ಕೆಲಸದಿಂದ ತೆಗೆಯಿರಿ ಎಂದು ನಾನು ಹೇಗೆ ಬರೆಯಲಿ? ಮುಂದಿನ ತಿಂಗಳು ಸಭೆ ಮತ್ತೆ ಕರೆಯೋಣ, ಕಾಗದದಲ್ಲಿ.”

“ಯಾರ ಮೇಲೆ ಸಾರ್ ದೂರು?”

“ಕಾರ್ಯದರ್ಶಿಯ ಮೇಲೆ.”

ಇಂದ್ರಮ್ಮ ಕಾಗದ ಎಳೆದುಕೊಂಡರು. ದುಂಡಗಿನ ಅಕ್ಷರದಲ್ಲಿ, ಒಂದು ಒತ್ತಕ್ಷರವೂ ತಪ್ಪದಂತೆ ಬರೆದರು: ‘ನಮ್ಮ ಸಂಘದ ಕಾರ್ಯದರ್ಶಿಯಾದ ಇಂದ್ರಮ್ಮ ಎಂಬುವವರು ಅತ್ಯಂತ ಬೇಜವಾಬ್ದಾರಿಯಿಂದ ವರ್ತಿಸಿ…’

ಹೆಗಲ ಮೇಲಿಂದ ಬಗ್ಗಿ ಓದುತ್ತಿದ್ದ ಚೌಡಯ್ಯನವರು ಮೆಲ್ಲಗೆ ಹೇಳಿದರು: “ಬೋ ಜಂಬದೋಳು ಅಂತ್ಲೂ ಸೇರ್ಸಮ್ಮಿ. ಸಾಕ್ಸಿಗೆ ನಾನು ರುಜು ಆಕ್ತೀನಿ.”